ಪೀಟ್ ಮಾರಾವಿಚ್

1947-88. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ. ಪೂರ್ಣ ಹೆಸರು ಪೀಟರ್ ಪ್ರೆಸ್ ಮಾರಾವಿಚ್. ಹುಡುಗನಾಗಿದ್ದಾಗ ಸೊಂಟದ ಪಕ್ಕದಿಂದ, ಒರೆಯಿಂದ ಪಿಸ್ತೂಲು ಸೆಳೆದಂತೆ, ಚೆಂಡನ್ನು ಬುಟ್ಟಿಗೆ ಎಸೆಯುತ್ತಿದ್ದುದರಿಂದ ‘ಪಿಸ್ಟಲ್ ಪೀಟ್’ ಎಂಬ ಹೆಸರು ಅಂಟಿಕೊಂಡಿತು. ಕೊನೆಯವರೆಗೂ ಅದೇ ಉಳಿಯಿತು. ಕಾಲೇಜಿನ ಮೂರು ವರ್ಷಗಳಲ್ಲಿ ಪಂದ್ಯವೊಂದಕ್ಕೆ ಸರಾಸರಿ 44.2ರಂತೆ 3,667 ಅಂಕ ಗಳಿಸಿದ. ಅಮೆರಿಕದ ಕಾಲೇಜು ಆಟದ ಅಗ್ರ ವಿಭಾಗವಾದ ಎನ್‌ಸಿಎಎ ಡಿವಿಷನ್ 1ರ ಪುರುಷರಲ್ಲಿ ಈ ಮೊತ್ತವನ್ನು ಇಂದಿಗೂ ಯಾರೂ ದಾಟಿಲ್ಲ.

ಆದರೆ ಈತನನ್ನು ಕಂಡವರು ಅಂಕಗಳನ್ನು ಮೊದಲು ನೆನೆಯುವುದಿಲ್ಲ. ಹಣೆಯ ಮೇಲೆ ಹಾರುವ ಕೂದಲು, ಕಣಕಾಲಿಗೆ ಜಾರಿ ಜೋತುಬಿದ್ದ ಬೂದುಬಣ್ಣದ ಕಾಲುಚೀಲ, ಓಡುತ್ತ ಓಡುತ್ತಲೇ ಬೆನ್ನ ಹಿಂದಿನಿಂದ ದಾಟಿ ಜೊತೆಯವನ ಅಂಗೈ ಸೇರುವ ಚೆಂಡು ಅವರ ಕಣ್ಣ ಮುಂದೆ ಬರುತ್ತವೆ. ಕಾಲುಗಳ ನಡುವೆ ಚೆಂಡು ಪುಟಿಸುವುದು, ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಪಾಸ್ ಕೊಡುವುದು ಇವತ್ತು ಶಾಲೆಯ ಮಕ್ಕಳಿಗೂ ಬರುತ್ತದೆ. 1960ರ ದಶಕದ ಬಹುತೇಕ ಕೋಚ್‌ಗಳ ಕಣ್ಣಿಗೆ ಅದೆಲ್ಲ ಬರೀ ಶೋಕಿ. ಎದೆಮಟ್ಟದಿಂದ ಎರಡೂ ಕೈಯಲ್ಲಿ ತಳ್ಳುವ ನೇರ ಪಾಸ್ ಒಂದೇ ಸರಿಯಾದ ಪಾಸ್ ಎಂದು ಅವರು ಕಲಿಸುತ್ತಿದ್ದರು. ಬೆನ್ನ ಹಿಂದಿನಿಂದ ಎಸೆದ ಹುಡುಗ ಬೆಂಚಿಗೆ ಹೋಗಿ ಕೂರಬೇಕಿತ್ತು.

ಈ ಕೈಚಳಕಗಳನ್ನು ಮಾರಾವಿಚ್ ಒಬ್ಬನೇ ಹುಟ್ಟಿಸಿದನೆಂದರೆ ತಪ್ಪಾಗುತ್ತದೆ. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಮಾರ್ಕ್ವೆಸ್ ಹೇನ್ಸ್ ನೆಲಕ್ಕೆ ಒಂದು ಗೇಣು ಮೇಲೆ ಚೆಂಡು ಪುಟಿಸುತ್ತ ಇಡೀ ಎದುರಾಳಿ ತಂಡವನ್ನು ಸುತ್ತಿಸುತ್ತಿದ್ದ. ಬಾಸ್ಟನ್ ಸೆಲ್ಟಿಕ್ಸ್‌ನ ಬಾಬ್ ಕೂಸಿ 1950ರ ದಶಕದಲ್ಲೇ ಬೆನ್ನ ಹಿಂದಿನ ಪಾಸ್ ಕೊಟ್ಟಿದ್ದ. ಮಾರಾವಿಚ್‌ನ ಸಮಕಾಲೀನ ಅರ್ಲ್ ಮನ್ರೋ ಫಿಲಡೆಲ್ಫಿಯಾದ ಬೀದಿ ಅಂಕಣಗಳಲ್ಲಿ ಕಲಿತ ತಿರುವುಗಳನ್ನು ದೊಡ್ಡ ಲೀಗಿಗೆ ತಂದಿದ್ದ. ಅಮೆರಿಕದ ಕರಿಯ ಆಟಗಾರರು ತಮ್ಮ ಕೇರಿಗಳ ಅಂಕಣಗಳಲ್ಲಿ ಬೆಳೆಸಿದ ಶೈಲಿಗೆ ಈತನ ಆಟ ಋಣಿ. ಮಾರಾವಿಚ್ ಅಲ್ಲಲ್ಲಿ ಚದುರಿದ್ದ ಈ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಅದಕ್ಕೊಂದು ಪಾಠಕ್ರಮ ಕಟ್ಟಿಕೊಂಡು, ಪಂದ್ಯದ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೂ ಅದನ್ನೇ ಆಡಿದ. ಅಭ್ಯಾಸದ ಮೊತ್ತವನ್ನು ನೋಡಿದರೆ, ಇದನ್ನು ಶೋಕಿ ಎಂದವರು ಇದರ ಹಿಂದಿನ ದುಡಿಮೆಯನ್ನು ಕಂಡಿರಲಿಲ್ಲ ಎನ್ನಬೇಕಾಗುತ್ತದೆ.

ಅಪ್ಪನ ಪಾಠ

ಪೀಟ್ ಹುಟ್ಟಿದ್ದು 1947ರ ಜೂನ್ 22ರಂದು, ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪಾದಲ್ಲಿ. ಅದು ಉಕ್ಕಿನ ಕಾರ್ಖಾನೆಯನ್ನೇ ನಂಬಿ ಬದುಕಿದ್ದ ಊರು. ತಂದೆ ಪ್ರೆಸ್ ಮಾರಾವಿಚ್ ವಲಸೆ ಬಂದ ಸರ್ಬ್ ದಂಪತಿಯ ಮಗ. ಹುಡುಗನಾಗಿದ್ದಾಗ ಬೀದಿಯಲ್ಲಿ ‘ಪಿಟ್ಸ್‌ಬರ್ಗ್ ಪ್ರೆಸ್’ ಪತ್ರಿಕೆ ಮಾರುತ್ತಿದ್ದುದರಿಂದ ಆ ಹೆಸರು ಬಂತು. ಉಕ್ಕಿನ ಕುಲುಮೆಗೆ ಹೋಗದೆ ಉಳಿಯಲು ಪ್ರೆಸ್‌ಗೆ ಸಿಕ್ಕ ದಾರಿ ಬ್ಯಾಸ್ಕೆಟ್‌ಬಾಲ್. ಪಿಟ್ಸ್‌ಬರ್ಗ್ ಐರನ್‌ಮೆನ್ ಎಂಬ, ಒಂದೇ ವರ್ಷ ಬಾಳಿದ ವೃತ್ತಿಪರ ತಂಡದಲ್ಲಿ 1946-47ರಲ್ಲಿ ಆಡಿ, ಆಮೇಲೆ ಕೋಚ್ ಆದ. ಆಗ ಆ ಆಟದಲ್ಲಿ ಹಣವಿರಲಿಲ್ಲ. ತನಗೆ ದಕ್ಕದ್ದನ್ನೆಲ್ಲ ಮಗನ ಕೈಯಿಂದ ಗೆಲ್ಲಿಸಬೇಕೆಂಬ ಹಂಬಲ ಅಲ್ಲಿಂದಲೇ ಶುರುವಾಯಿತು.

ಅಪ್ಪ ಮಗನಿಗಾಗಿ ಹತ್ತಾರು ಕಸರತ್ತುಗಳನ್ನು ಹೊಸೆದ. ಒಂದೊಂದಕ್ಕೂ ಒಂದು ಹೆಸರು. ಚೆಂಡನ್ನು ಕಾಲುಗಳ ನಡುವೆ ಒಂದು ಕೈ ಮುಂದೆ, ಒಂದು ಕೈ ಹಿಂದೆ ಹಿಡಿದು, ಅದು ನೆಲ ಮುಟ್ಟುವಷ್ಟರಲ್ಲಿ ಕೈ ಬದಲಿಸುವುದು ‘ಪ್ರೆಟ್ಜೆಲ್’. ಮುಂದಿನಿಂದ ರಭಸವಾಗಿ ನೆಲಕ್ಕೆ ಬಡಿದು, ಕಾಲುಗಳ ನಡುವೆ ನುಗ್ಗಿ ಪುಟಿದ ಚೆಂಡನ್ನು ಬೆನ್ನ ಹಿಂದೆ ಹಿಡಿಯುವುದು ‘ರಿಕೋಶೆ’. ಸಂಗೀತ ಕಲಿಯುವವರು ಸರಳೆ ಜಂಟಿವರಸೆಗಳನ್ನು ಮೂರು ಕಾಲದಲ್ಲಿ ತಿದ್ದುತ್ತಾರಲ್ಲ, ಇದೂ ಹಾಗೆಯೇ. ಕೈಗೆ ಕಣ್ಣಿನ ಹಂಗು ತಪ್ಪುವವರೆಗೆ ಮುಂದಿನ ಪಾಠವಿಲ್ಲ. ಹುಡುಗ ಊರೊಳಗೆ ನಡೆಯುವಾಗ ಚೆಂಡು ಪುಟಿಸುತ್ತಲೇ ನಡೆಯುತ್ತಿದ್ದ. ಸಿನಿಮಾ ಮಂದಿರದಲ್ಲಿ ಸಾಲಿನ ಕೊನೆಯ ಕುರ್ಚಿ ಹಿಡಿದು ಓಣಿಯಲ್ಲಿ ಚೆಂಡು ಪುಟಿಸುತ್ತಿದ್ದ. ರಾತ್ರಿ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಅಪ್ಪ ಕಾರು ಓಡಿಸುವಾಗ ಬಾಗಿಲ ಪಕ್ಕ ಬಾಗಿ, ಹೊರಗೆ ರಸ್ತೆಯ ಮೇಲೆ ಚೆಂಡು ಪುಟಿಸುವ ಅಭ್ಯಾಸವೂ ಇತ್ತು. ಅಪ್ಪ ವೇಗ ಹೆಚ್ಚಿಸಿ ಇಳಿಸಿ ಮಗನ ಕೈಯನ್ನು ಪರೀಕ್ಷಿಸುತ್ತಿದ್ದ.

ಯುಸಿಎಲ್‌ಎ ತಂಡದ ಹೆಸರಾಂತ ಕೋಚ್ ಜಾನ್ ವುಡನ್ ಪ್ರೆಸ್‌ನ ಗೆಳೆಯ. ಹುಡುಗನ ಕೈಚಳಕ ನೋಡಿದ ವುಡನ್, ಇದಕ್ಕೆ ವ್ಯಯಿಸಿದ ಗಂಟೆಗಳನ್ನು ರಕ್ಷಣೆಯ ಆಟಕ್ಕೆ ಬೇಕಾದ ಕಾಲ್ಚಲನೆ ಕಲಿಯಲು ಕೊಟ್ಟಿದ್ದರೆ ಒಳ್ಳೆಯದಿತ್ತಲ್ಲವೇ ಎಂದು ಕೇಳಿದನಂತೆ. ಇವನು ಹತ್ತು ಲಕ್ಷ ಡಾಲರ್ ಪಡೆಯುವ ಮೊದಲ ವೃತ್ತಿಪರ ಆಟಗಾರನಾಗುತ್ತಾನೆ ಎಂಬುದು ಪ್ರೆಸ್ ಕೊಟ್ಟ ಉತ್ತರ. ವುಡನ್‌ನ ಪ್ರಶ್ನೆಯೂ ಪ್ರೆಸ್‌ನ ಉತ್ತರವೂ ಮುಂದೆ ನಿಜವಾದವು. ಮಾರಾವಿಚ್ ದೊಡ್ಡ ಮೊತ್ತದ ಒಪ್ಪಂದ ಪಡೆದ, ಆದರೆ ರಕ್ಷಣೆಯ ಆಟದಲ್ಲಿ ಎಂದೂ ಗಟ್ಟಿಯಾಗಲಿಲ್ಲ.

ಬ್ಯಾಟನ್ ರೂಜ್‌ನ ವರ್ಷಗಳು

ಕ್ಲೆಮ್ಸನ್, ಆಮೇಲೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡಗಳನ್ನು ನೋಡಿಕೊಂಡ ಪ್ರೆಸ್ 1966ರಲ್ಲಿ ಬ್ಯಾಟನ್ ರೂಜ್‌ನ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದ. ಮಗನಿಗೆ ಬೇರೆ ಕಡೆ ಹೋಗುವ ಆಸೆಯಿತ್ತು. ಅಪ್ಪನ ಹಟ ಗೆದ್ದಿತು. ಅಲ್ಲಿ ಜನ ಪ್ರಾಣ ಬಿಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್‌ಗಾಗಿ. ಬ್ಯಾಸ್ಕೆಟ್‌ಬಾಲ್ ತಂಡ ಆಡುತ್ತಿದ್ದುದು ಕೃಷಿ ಮೇಳ, ದನಗಳ ಪ್ರದರ್ಶನ ನಡೆಯುವ ಜಾನ್ ಎಂ. ಪಾರ್ಕರ್ ಕೊಲಿಸಿಯಂ ಎಂಬ ಕಟ್ಟಡದಲ್ಲಿ.

ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮ ಆಗ ಇತ್ತು. ಹಾಗಾಗಿ 1966-67ರಲ್ಲಿ ಪೀಟ್ ಹೊಸಬರ ತಂಡಕ್ಕೆ ಆಡಿ ಸರಾಸರಿ 43.6 ಅಂಕ ಗಳಿಸಿದ. ಸಂಜೆ ಮೊದಲು ನಡೆಯುತ್ತಿದ್ದ ಹೊಸಬರ ಪಂದ್ಯಕ್ಕೆ ಜನ ತುಂಬಿ ತುಳುಕುತ್ತಿದ್ದರು, ಮುಖ್ಯ ತಂಡ ಅಂಕಣಕ್ಕಿಳಿಯುವ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಆ ವರ್ಷ ಮುಖ್ಯ ತಂಡ ಗೆದ್ದದ್ದು ಮೂರು ಪಂದ್ಯ, ಸೋತದ್ದು 23. ಮರುವರ್ಷದಿಂದ ಮುಖ್ಯ ತಂಡದಲ್ಲಿ ಪೀಟ್‌ನ ಸರಾಸರಿ ಕ್ರಮವಾಗಿ 43.8, 44.2 ಮತ್ತು 44.5. ಮೂರು ವರ್ಷವೂ ದೇಶಕ್ಕೆ ಮೊದಲಿಗ. 28 ಪಂದ್ಯಗಳಲ್ಲಿ 50 ಅಥವಾ ಹೆಚ್ಚು ಅಂಕ. 1970ರ ಜನವರಿ 31ರಂದು ಮಿಸಿಸಿಪಿ ವಿಶ್ವವಿದ್ಯಾಲಯದ ಎದುರು 53 ಅಂಕ ಗಳಿಸಿ, ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿದ್ದ 2,973 ಅಂಕಗಳ ದಾಖಲೆಯನ್ನು ಹಿಂದೆ ಹಾಕಿದ. ಒಂದು ವಾರದ ಬಳಿಕ ಅಲಬಾಮಾ ಎದುರು 69 ಅಂಕ. ಅವನ ಕಾಲೇಜು ದಿನಗಳ ಗರಿಷ್ಠ ಅದೇ.

1969ರ ಮಾರ್ಚ್‌ನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಅಂಕಣದಲ್ಲಿ ನಡೆದ ಪಂದ್ಯವನ್ನು ಇಲ್ಲಿ ಹೇಳಲೇಬೇಕು. ಎರಡು ಬಾರಿ ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ ಗೆಲುವು ಖಚಿತವಾದ ಮೇಲೆ ಪೀಟ್ ಚೆಂಡು ಪುಟಿಸುತ್ತ ಎದುರಾಳಿಗಳನ್ನು ಅಂಕಣದ ತುಂಬ ಓಡಾಡಿಸಿದ. ಸಮಯ ಮುಗಿಯುವಾಗ ಬಲು ದೂರದಿಂದ ತಲೆಯ ಮೇಲಿಂದ ಕೊಕ್ಕೆಯಾಕಾರದಲ್ಲಿ ಚೆಂಡು ಬೀಸಿದ. ಅದು ಬುಟ್ಟಿಯೊಳಗೆ ಬಿತ್ತು. ಆ ಸಂಜೆ ಅವನದು 58 ಅಂಕ. ಎದುರಾಳಿಯ ಊರಿನ ಪ್ರೇಕ್ಷಕರೇ ಎದ್ದು ನಿಂತು ಹರ್ಷೋದ್ಗಾರ ಮಾಡಿದರು.

ಈ ಅಂಕಗಳನ್ನು ತೂಗುವಾಗ ತಕ್ಕಡಿಯ ಎರಡೂ ತಟ್ಟೆ ನೋಡಬೇಕು. ಆಗ ಮೂರು ಅಂಕದ ಗೆರೆ ಇರಲಿಲ್ಲ. ಎಷ್ಟು ದೂರದಿಂದ ಎಸೆದರೂ ಎರಡೇ ಅಂಕ, ಪೀಟ್‌ನ ಎಸೆತಗಳಲ್ಲಿ ಬಹಳಷ್ಟು ದೂರದವು. ಆ ಗೆರೆ ಇದ್ದಿದ್ದರೆ ಅವನ ಸರಾಸರಿ 57 ಮುಟ್ಟುತ್ತಿತ್ತೆಂಬುದು ಆಮೇಲೆ ಅದೇ ವಿಶ್ವವಿದ್ಯಾಲಯದ ಕೋಚ್ ಆದ ಡೇಲ್ ಬ್ರೌನ್ ಹಾಕಿದ ಲೆಕ್ಕ. ನಿಗದಿತ ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ಗಡಿಯಾರವೂ ಕಾಲೇಜು ಆಟದಲ್ಲಿ ಇರಲಿಲ್ಲ. ಎದುರಾಳಿಗಳು ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಕಾಲ ತಳ್ಳಬಹುದಿತ್ತು. ಇನ್ನೊಂದು ತಟ್ಟೆಯಲ್ಲಿ, ಅಪ್ಪನೇ ಕೋಚ್ ಆದ್ದರಿಂದ ಮಗನಿಗೆ ಲಂಗುಲಗಾಮಿಲ್ಲದೆ ಎಸೆಯುವ ಪರವಾನಗಿ ಇತ್ತು. 83 ಪಂದ್ಯಗಳಲ್ಲಿ 3,166 ಎಸೆತ, ಅಂದರೆ ಪಂದ್ಯಕ್ಕೆ ಸುಮಾರು 38. ಬುಟ್ಟಿಗೆ ಬಿದ್ದದ್ದು 1,387. ಇಷ್ಟಾಗಿಯೂ ತಂಡ ದೇಶಮಟ್ಟದ ಎನ್‌ಸಿಎಎ ಟೂರ್ನಿಗೆ ಒಮ್ಮೆಯೂ ಅರ್ಹತೆ ಪಡೆಯಲಿಲ್ಲ. 1970ರಲ್ಲಿ ಎನ್‌ಐಟಿ ಎಂಬ ಇನ್ನೊಂದು ಟೂರ್ನಿಯಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದೇ ದೊಡ್ಡದು. ಅಪ್ಪ ಮಗ ಇಬ್ಬರೂ ಮಗನ ಆಟವನ್ನು ತಂಡಕ್ಕಿಂತ ಮುಂದಿಟ್ಟರೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಮೂರು ಪಂದ್ಯ ಗೆಲ್ಲುತ್ತಿದ್ದ ತಂಡ 1969-70ರಲ್ಲಿ 22 ಪಂದ್ಯ ಗೆದ್ದದ್ದೂ ಅಷ್ಟೇ ನಿಜ.

ಆ ಕಾಲದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದದ ಬೇಲಿ ಇನ್ನೂ ಗಟ್ಟಿಯಾಗಿತ್ತೆಂಬುದನ್ನು ಮರೆಯಬಾರದು. ಪೀಟ್ ಆಡುತ್ತಿದ್ದಾಗ ಲೂಯಿಸಿಯಾನಾ ಸ್ಟೇಟ್‌ನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. ಆ ಬಾಗಿಲು ತೆರೆದವನು ಕೋಲಿಸ್ ಟೆಂಪಲ್. ಅವನನ್ನು ಕರೆತಂದವನು ಪ್ರೆಸ್ ಮಾರಾವಿಚ್. ಅವನು ಮುಖ್ಯ ತಂಡಕ್ಕೆ ಬಂದಾಗ ಪೀಟ್ ಕಾಲೇಜು ಬಿಟ್ಟಾಗಿತ್ತು.

ವೃತ್ತಿಪರ ಆಟ

1970ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆಯ್ದುಕೊಳ್ಳುವ ಕ್ರಮದಲ್ಲಿ, ಅಟ್ಲಾಂಟಾ ಹಾಕ್ಸ್ ಮೂರನೆಯ ಆಯ್ಕೆಯಾಗಿ ಮಾರಾವಿಚ್‌ನನ್ನು ತೆಗೆದುಕೊಂಡಿತು. ಐದು ವರ್ಷಕ್ಕೆ ಸುಮಾರು 19 ಲಕ್ಷ ಡಾಲರ್ ಒಪ್ಪಂದ. ಅದೇ ತಂಡದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಗೆಲುವು ತಂದಿದ್ದ ಲೂ ಹಡ್ಸನ್‌ನಂಥ ಕರಿಯ ಆಟಗಾರರಿಗೆ ಅದರ ಹತ್ತಿರ ಸುಳಿಯುವ ಸಂಬಳವೂ ಇರಲಿಲ್ಲ. ಒಂದು ಪಂದ್ಯವನ್ನೂ ಆಡದ ಬಿಳಿಯ ಹುಡುಗನಿಗೆ ಈ ಮೊತ್ತ! ಅವರ ಅಸಮಾಧಾನಕ್ಕೆ ನ್ಯಾಯವಾದ ಕಾರಣವಿತ್ತು. ತಂಡದ ಪ್ರಮುಖ ಆಟಗಾರ ಜೋ ಕಾಲ್ಡ್‌ವೆಲ್ ಬಿಟ್ಟೇ ಹೋದ. ಹಿಂದಿನ ವರ್ಷ 48 ಪಂದ್ಯ ಗೆದ್ದಿದ್ದ ತಂಡ 36ಕ್ಕೆ ಇಳಿಯಿತು. ಮಾರಾವಿಚ್ ಮೊದಲ ವರ್ಷವೇ ಸರಾಸರಿ 23.2 ಅಂಕ ಗಳಿಸಿದರೂ ಜೊತೆಯವರ ನಡುವೆ ಒಂಟಿಯಾಗಿದ್ದ. ಹಡ್ಸನ್‌ನೊಂದಿಗೆ ಆಟ ಹೊಂದಿಕೊಳ್ಳಲು ಸಮಯ ಹಿಡಿಯಿತು. 1972-73ರಲ್ಲಿ ಇಬ್ಬರೂ ತಲಾ 2,000ಕ್ಕೂ ಮೀರಿ ಅಂಕ ಗಳಿಸಿದರು. ಆದರೆ ಅಟ್ಲಾಂಟಾ ಮೂರು ಬಾರಿ ನಾಕೌಟ್ ಹಂತ ತಲುಪಿ ಮೂರು ಬಾರಿಯೂ ಮೊದಲ ಸುತ್ತಿನಲ್ಲೇ ಸೋತಿತು.

1974ರಲ್ಲಿ ಹೊಸದಾಗಿ ಹುಟ್ಟಿದ ನ್ಯೂ ಆರ್ಲಿಯನ್ಸ್ ಜಾಝ್ ತಂಡ, ಇಬ್ಬರು ಆಟಗಾರರನ್ನೂ ಮುಂದಿನ ಹಲವು ಡ್ರಾಫ್ಟ್ ಆಯ್ಕೆಗಳನ್ನೂ ಬಿಟ್ಟುಕೊಟ್ಟು ಮಾರಾವಿಚ್‌ನನ್ನು ಪಡೆಯಿತು. ಲೂಯಿಸಿಯಾನಾದ ಜನ ಮನೆಮಗ ಮರಳಿ ಬಂದನೆಂದು ಸಂಭ್ರಮಿಸಿದರು. ತಂಡ ಮಾತ್ರ ದುರ್ಬಲ. ಮೊದಲ ವರ್ಷ 82ರಲ್ಲಿ 59 ಸೋಲು. ಅದೇ ಅಕ್ಟೋಬರ್‌ನಲ್ಲಿ ತಾಯಿ ಹೆಲೆನ್ ಆತ್ಮಹತ್ಯೆ ಮಾಡಿಕೊಂಡರು. ಈ ಪೆಟ್ಟನ್ನು ಹೊತ್ತುಕೊಂಡೇ ಅವನು ಅಂಕಣಕ್ಕಿಳಿಯುತ್ತಿದ್ದ, ಕುಡಿತವೂ ಜೊತೆಗಿತ್ತು.

ಆದರೂ ಅವನ ಅತ್ಯುತ್ತಮ ಆಟ ಬಂದದ್ದು ಈ ಊರಿನಲ್ಲೇ. ಫುಟ್‌ಬಾಲ್‌ಗೆಂದು ಕಟ್ಟಿದ ಸೂಪರ್‌ಡೋಮ್ ಕ್ರೀಡಾಂಗಣಕ್ಕೆ ಕೆಲವು ರಾತ್ರಿ 30 ಸಾವಿರ ಮೀರಿ ಜನ ಬರುತ್ತಿದ್ದರು. 1976-77ರಲ್ಲಿ ಸರಾಸರಿ 31.1 ಅಂಕದೊಂದಿಗೆ ಎನ್‌ಬಿಎಗೇ ಮೊದಲಿಗನಾದ. 1977ರ ಫೆಬ್ರುವರಿ 25ರ ರಾತ್ರಿ ನ್ಯೂಯಾರ್ಕ್ ನಿಕ್ಸ್ ಎದುರು 68 ಅಂಕ. ಅವನನ್ನು ತಡೆಯಲು ನಿಂತಿದ್ದವನು ಆ ಕಾಲದ ಶ್ರೇಷ್ಠ ರಕ್ಷಕರಲ್ಲೊಬ್ಬನಾದ ವಾಲ್ಟ್ ಫ್ರೇಜಿಯರ್. 43 ಎಸೆತಗಳಲ್ಲಿ 26, ಫ್ರೀ ಥ್ರೋ 19ರಲ್ಲಿ 16. ಪಂದ್ಯ ಮುಗಿಯುವ ಮೊದಲೇ ಫೌಲ್ ಮಿತಿ ದಾಟಿ ಹೊರಹೋಗಬೇಕಾಯಿತು, ಇಲ್ಲದಿದ್ದರೆ ಮೊತ್ತ ಇನ್ನೂ ಬೆಳೆಯುತ್ತಿತ್ತು. ಅಲ್ಲಿಯವರೆಗೆ ಎನ್‌ಬಿಎ ಪಂದ್ಯವೊಂದರಲ್ಲಿ ಇದಕ್ಕಿಂತ ಹೆಚ್ಚು ಗಳಿಸಿದ್ದವರು ವಿಲ್ಟ್ ಚೇಂಬರ್ಲಿನ್ ಮತ್ತು ಎಲ್ಜಿನ್ ಬೇಲರ್ ಇಬ್ಬರೇ.

1978ರ ಜನವರಿ ಕೊನೆಯಲ್ಲಿ ಬಫಲೊ ತಂಡದ ಎದುರು ಗಾಳಿಯಲ್ಲಿ ನೆಗೆದು ಕಾಲುಗಳ ನಡುವಿನಿಂದ ಪಾಸ್ ಕೊಟ್ಟು ನೆಲಕ್ಕಿಳಿಯುವಾಗ ಮೊಣಕಾಲು ಹೊರಳಿತು. ಅಂಥ ಪಾಸ್ ಬೇಕಿತ್ತೇ ಎಂದು ಆಗ ಕೇಳಿದವರಿದ್ದರು. ಎರಡು ದಾರಿಯಲ್ಲೂ ಬುಟ್ಟಿ ಸಿಗುವುದಾದರೆ ತಾನು ಆರಿಸಿಕೊಳ್ಳುವುದು ಜನರಿಗೆ ಸಂತೋಷ ಕೊಡುವ ದಾರಿಯನ್ನೇ ಎಂದು ಮಾರಾವಿಚ್ ಎಂದೋ ಹೇಳಿದ್ದ. ಆ ಮೊಣಕಾಲು ಮತ್ತೆ ಮೊದಲಿನಂತಾಗಲಿಲ್ಲ. 1979ರಲ್ಲಿ ಜಾಝ್ ತಂಡ ಯೂಟಾಕ್ಕೆ ಸ್ಥಳಾಂತರವಾಯಿತು. 17 ಪಂದ್ಯ ಆಡಿಸಿ 1980ರ ಜನವರಿಯಲ್ಲಿ ಅವನನ್ನು ಕೈಬಿಟ್ಟಿತು. ಲ್ಯಾರಿ ಬರ್ಡ್ ಆಗಷ್ಟೇ ಬಂದಿದ್ದ ಬಾಸ್ಟನ್ ಸೆಲ್ಟಿಕ್ಸ್ ಅವನನ್ನು ಸೇರಿಸಿಕೊಂಡಿತು. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಬಂದದ್ದು ಅದೇ ಋತುವಿನಲ್ಲಿ. ಮಾರಾವಿಚ್ ಅದರಾಚೆಯಿಂದ ಎಸೆದದ್ದು ಒಟ್ಟು 15, ಬಿದ್ದದ್ದು 10. ಗೆರೆ ಹತ್ತು ವರ್ಷ ತಡವಾಗಿ ಬಂದಿತ್ತು. 1980ರಲ್ಲೇ, ಹೊಸ ಋತು ಶುರುವಾಗುವ ಮೊದಲು, ಆಟ ಬಿಟ್ಟ. ಆ ಹೊಸ ಋತುವಿನ ಚಾಂಪಿಯನ್ ಆದದ್ದು ಬಾಸ್ಟನ್. ಹತ್ತು ವರ್ಷ, 658 ಪಂದ್ಯ, 15,948 ಅಂಕ, ಐದು ಬಾರಿ ಆಲ್-ಸ್ಟಾರ್ ಗೌರವ. ಪ್ರಶಸ್ತಿಯ ಉಂಗುರ ಮಾತ್ರ ಬೆರಳಿಗೆ ಬರಲಿಲ್ಲ.

ಆಟದ ನಂತರ

ಮುಂದಿನ ಎರಡು ವರ್ಷ ಅವನು ಹೊರಗೆ ಕಾಣಿಸಿಕೊಂಡದ್ದೇ ಕಡಿಮೆ. ಐದಾರು ವಯಸ್ಸಿನಿಂದ ಒಂದೇ ಗುರಿಗೆ ಬದುಕನ್ನು ಕಟ್ಟಿಹಾಕಿಕೊಂಡವನಿಗೆ ಆ ಗುರಿಯೂ ಕೈಗೂಡದೆ, ಬೇರೆ ಗುರಿಯೂ ಇಲ್ಲದೆ ಹೋಗಿತ್ತು. ಸಸ್ಯಾಹಾರ, ಯೋಗ, ಹಿಂದೂ ಸಾಧನೆಗಳು, ಹಾರುವ ತಟ್ಟೆಗಳ ವಿಚಾರ ಎಂದು ಹುಡುಕುತ್ತ ಅಲೆದು, ಕೊನೆಗೆ 1982ರಲ್ಲಿ ಕ್ರೈಸ್ತ ಭಕ್ತಿಯಲ್ಲಿ ನೆಲೆ ಕಂಡ. ಕುಡಿತ ಬಿಟ್ಟ. ಮಕ್ಕಳ ಶಿಬಿರ ನಡೆಸಿದ, ಊರೂರು ಸುತ್ತಿ ತನ್ನ ಕಥೆ ಹೇಳಿದ. ಅಪ್ಪ ಕ್ಯಾನ್ಸರ್‌ಗೆ ತುತ್ತಾದಾಗ ಜೊತೆಗಿದ್ದು ನೋಡಿಕೊಂಡ. ಪ್ರೆಸ್ ತೀರಿಕೊಂಡದ್ದು 1987ರ ಏಪ್ರಿಲ್‌ನಲ್ಲಿ. ಮಗ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿದ್ದೂ ಅದೇ ವರ್ಷ.

1988ರ ಜನವರಿ 5ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ಚರ್ಚೊಂದರ ಅಂಕಣದಲ್ಲಿ, ರೇಡಿಯೊ ಕಾರ್ಯಕ್ರಮಕ್ಕೆ ಕರೆಸಿದ್ದ ಜೇಮ್ಸ್ ಡಾಬ್ಸನ್ ಮತ್ತು ಗೆಳೆಯರೊಂದಿಗೆ ಸುಮ್ಮನೆ ಆಡುತ್ತಿದ್ದಾಗ ಮಾರಾವಿಚ್ ಕುಸಿದು ಬಿದ್ದು ತೀರಿಕೊಂಡ. ವಯಸ್ಸು 40. ಮರಣೋತ್ತರ ಪರೀಕ್ಷೆಯಲ್ಲಿ ಅವನ ಹೃದಯಕ್ಕೆ ಎಡ ಪರಿಧಮನಿ ಹುಟ್ಟಿನಿಂದಲೇ ಇರಲಿಲ್ಲವೆಂದು ತಿಳಿಯಿತು. ಬಲಗಡೆಯ ಒಂದೇ ನಾಳ ಹಿಗ್ಗಿ, ಇಡೀ ಹೃದಯಕ್ಕೆ ರಕ್ತ ಪೂರೈಸುತ್ತಿತ್ತು. ಇಂಥ ಹೃದಯದಲ್ಲಿ ವಯಸ್ಕನಾಗುವವರೆಗೆ ಬದುಕುವುದೇ ಅಪರೂಪ. ಈತ ಅದನ್ನಿಟ್ಟುಕೊಂಡು ಹತ್ತು ವರ್ಷ ಎನ್‌ಬಿಎ ಆಡಿದ್ದ. 1974ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ಹತ್ತು ವರ್ಷ ಎನ್‌ಬಿಎ ಆಡಿ ನಲವತ್ತಕ್ಕೆ ಹೃದಯಾಘಾತದಿಂದ ಸಾಯಲು ತನಗೆ ಇಷ್ಟವಿಲ್ಲ ಎಂದಿದ್ದ. ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಗಾಯಕ ಬಾಬ್ ಡಿಲನ್ ತನ್ನ ಆತ್ಮಕಥೆಯಲ್ಲಿ, ಮಾರಾವಿಚ್ ಸತ್ತ ಸುದ್ದಿ ಕೇಳಿದ ದಿನವೇ ‘ಡಿಗ್ನಿಟಿ’ ಎಂಬ ಹಾಡು ಬರೆಯತೊಡಗಿದ್ದನ್ನು ನೆನೆದಿದ್ದಾನೆ.

ಬ್ಯಾಟನ್ ರೂಜ್‌ನ ವಿಶ್ವವಿದ್ಯಾಲಯದ ಒಳಾಂಗಣಕ್ಕೆ 1988ರಲ್ಲೇ ಅವನ ಹೆಸರಿಟ್ಟರು. 2022ರಲ್ಲಿ ಅದರ ಮುಂದೆ ಪ್ರತಿಮೆ ನಿಲ್ಲಿಸಿದರು. 2002ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಬಂದ ಹಾರ್ನೆಟ್ಸ್ ತಂಡ, ಅವನು ಎಂದೂ ತನಗಾಗಿ ಆಡದಿದ್ದರೂ, ಆ ಊರಿನ ನೆನಪಿಗಾಗಿ ಅವನ 7ನೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಮೇಲೆ ತೂಗುಹಾಕಿತು. 1996ರಲ್ಲಿ ಎನ್‌ಬಿಎ ತನ್ನ 50 ಮಂದಿ ಶ್ರೇಷ್ಠರನ್ನು ಹೆಸರಿಸಿದಾಗ ಪಟ್ಟಿಯಲ್ಲಿ ಬದುಕಿರದಿದ್ದವನು ಇವನೊಬ್ಬನೇ. ಸನ್ಮಾನಕ್ಕೆ ಅವನ ಇಬ್ಬರು ಗಂಡುಮಕ್ಕಳು ಬಂದು ನಿಂತರು.

ಅಂಕಗಳ ದಾಖಲೆಯ ಬಳಿಗೆ ಇಬ್ಬರು ಬಂದರು. ಡೆಟ್ರಾಯಿಟ್ ಮರ್ಸಿಯ ಆಂಟ್ವಾನ್ ಡೇವಿಸ್ ಐದು ಋತು, 144 ಪಂದ್ಯ ಆಡಿ 2023ರಲ್ಲಿ 3,664ಕ್ಕೆ ನಿಂತ. ಮೂರೇ ಅಂಕದ ಕೊರತೆ. 2024ರ ಮಾರ್ಚ್ 3ರಂದು ಅಯೋವಾದ ಕೇಟ್ಲಿನ್ ಕ್ಲಾರ್ಕ್ 3,667 ದಾಟಿದಳು. ಪುರುಷರು, ಮಹಿಳೆಯರು ಇಬ್ಬರೂ ಸೇರಿದ ಪಟ್ಟಿಯಲ್ಲಿ ಡಿವಿಷನ್ 1ರ ಮೊದಲ ಹೆಸರು ಈಗ ಅವಳದು. ಬಲು ದೂರದಿಂದ ಎಸೆಯುವ, ನೋಡದೆ ಪಾಸ್ ಕೊಡುವ ಅವಳ ಆಟವನ್ನು ನೋಡಿದವರು ಪಿಸ್ಟಲ್ ಪೀಟ್‌ನನ್ನು ನೆನೆದದ್ದು ಸಹಜವೇ ಆಗಿತ್ತು.

ಸಾಯುವ ಹಿಂದಿನ ವರ್ಷ ಮಾರಾವಿಚ್ ‘ಹೋಮ್‌ವರ್ಕ್ ಬ್ಯಾಸ್ಕೆಟ್‌ಬಾಲ್’ ಎಂಬ ವಿಡಿಯೊ ಪಾಠಗಳನ್ನು ಮಾಡಿಟ್ಟ. ಅಲಿಕ್ವಿಪಾದ ಅಪ್ಪ ಹೊಸೆದ ಕಸರತ್ತುಗಳೆಲ್ಲ ಅದರಲ್ಲಿವೆ. ಇವತ್ತಿಗೂ ಮಕ್ಕಳು ಅವನ್ನು ನೋಡಿ ಕಲಿಯುತ್ತಾರೆ. ‘ರಿಕೋಶೆ’ಗೆ ಬೇಕಾದದ್ದು ಒಂದು ಚೆಂಡು, ಎರಡು ಹೆಜ್ಜೆ ನೆಲ. ಕಾಲಗಲಿಸಿ ನಿಂತು, ಎರಡೂ ಕೈಯಿಂದ ಚೆಂಡನ್ನು ಮುಂದಿನಿಂದ ಕೆಳಗೆ ಬಡಿಯಬೇಕು, ಕೈಗಳನ್ನು ಬೆನ್ನ ಹಿಂದೆ ಒಯ್ದು ಕಾಯಬೇಕು. ಮೊದಮೊದಲು ಚೆಂಡು ಹಿಮ್ಮಡಿಗೆ ತಾಗಿ ಗೋಡೆಯ ಕಡೆ ಓಡುತ್ತದೆ. ಹೋಗಿ ಎತ್ತಿಕೊಂಡು ಬಂದು ಮತ್ತೆ ಕಾಲಗಲಿಸಿ ನಿಲ್ಲಬೇಕು.